ಹಿತ್ತಲು ಗದ್ದೆಯಲ್ಲ: ಕೈತೋಟದ ಲೆಕ್ಕವೇ ಬೇರೆ

(ಕಿರುಗಾವಲಿನಲ್ಲಿ ಏರ್ಪಡಿಸಿದ್ದ ಒಂದು ದಿನದ ಕೈತೋಟ ವಿಚಾರ ಸಂಕಿರಣದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಮಣ್ಣು, ಗೊಬ್ಬರ, ಸಸಿ ಇವುಗಳ ಬಗ್ಗೆ ಕೇಳಿದ್ದೀರಿ. ಮಧ್ಯಾಹ್ನ ಬೀಜಗಳ ವಿನಿಮಯವಿದೆ. ಇವೆರಡರ ನಡುವೆ ನಾನು ಹೇಳಬೇಕಾದುದು ಒಂದೇ ಮಾತು. ಕೈತೋಟ ಮಾಡಿ ಕೈಬಿಟ್ಟವರಲ್ಲಿ ಅನೇಕರಿಗೆ ಕೊರತೆಯಾದುದು ನೀರಲ್ಲ, ಜಾಗವೂ ಅಲ್ಲ. ಗದ್ದೆಯಲ್ಲಿ ಮಾಡುವಂತೆಯೇ ಹಿತ್ತಲಿನಲ್ಲಿಯೂ ಎಲ್ಲವನ್ನೂ ಒಂದೇ ದಿನ ಬಿತ್ತಿ, ಒಂದೇ ಸಲ ಕೊಯ್ದು ಮುಗಿಸುವ ರೂಢಿಯೇ ಕೈತೋಟವನ್ನು ಕೆಡಿಸುತ್ತಿದೆ.

ಈ ರೂಢಿ ಹೇಗೆ ಬಂತೆಂಬುದು ಸ್ಪಷ್ಟ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಅಲ್ಲಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ ಸೀಮೆಗೆ ಬತ್ತವನ್ನೂ ಕಬ್ಬನ್ನೂ ತಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ನಾಲೆಗೆ ನೀರು ಬಿಟ್ಟಾಗ ನಾಟಿ, ಕಟಾವಿನ ಸರದಿ ಬಂದಾಗ ಕಬ್ಬು ಕಡಿಯುವುದು. ಗದ್ದೆಗೆ ಇದು ಸರಿಯಾದ ಕ್ರಮವೇ. ಆದರೆ ಸಾರಿನ ಮಡಕೆ ನಾಲೆಯ ಸರದಿಗೆ ಕಾಯುವುದಿಲ್ಲ. ಅದಕ್ಕೆ ದಿನವೂ ಒಂದು ಹಿಡಿ ಸೊಪ್ಪು ಬೇಕು.

ಏಕೆ ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಸೂಚಿಯ ಪ್ರಕಾರ ಒಬ್ಬರಿಗೆ ದಿನಕ್ಕೆ ಸುಮಾರು 400 ಗ್ರಾಂ ಸೊಪ್ಪು ತರಕಾರಿ ಬೇಕು. ಐದು ಜನರ ಮನೆಗೆ ಇದು ದಿನಕ್ಕೆ 2 ಕಿಲೋ ಆಗುತ್ತದೆ. ಇಷ್ಟನ್ನೂ ಹಿತ್ತಲೇ ಒದಗಿಸುತ್ತದೆಂದು ನಾನು ಹೇಳುವುದಿಲ್ಲ. ಆದರೆ ಕಬ್ಬಿನ ಹಣ ಬರುವುದು ತಡವಾದಾಗ ಸಂತೆಯ ಚೀಲದಲ್ಲಿ ಮೊದಲು ಕಡಿಮೆಯಾಗುವುದು ಸೊಪ್ಪು ತರಕಾರಿಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ರಕ್ತಹೀನತೆ ಕಂಡುಬಂದಿದೆ. ಸೊಪ್ಪೊಂದರಿಂದಲೇ ಇದು ವಾಸಿಯಾಗದು. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬಿಡಕೂಡದು. ಆದರೂ ಮುದ್ದೆಯೊಡನೆ ಬಸ್ಸಾರು, ಮಸ್ಸೊಪ್ಪು, ಅದರ ಮೇಲೆ ನಾಲ್ಕು ಹನಿ ನಿಂಬೆರಸ ದಿನವೂ ಸಿಕ್ಕುವ ಮನೆಗೂ ಸಿಕ್ಕದ ಮನೆಗೂ ವ್ಯತ್ಯಾಸವಿದೆ. ನಿಂಬೆಯ ಹುಳಿಯಿಂದ ಸೊಪ್ಪಿನ ಕಬ್ಬಿಣಾಂಶ ಮೈಗೆ ಹೆಚ್ಚಾಗಿ ಹತ್ತುತ್ತದೆ.

ಅರ್ಧ ಗುಂಟೆಯಲ್ಲಿ ಎಂಟು ಮಡಿ

ಅರ್ಧ ಗುಂಟೆ ಎಂದರೆ ಸುಮಾರು 545 ಚದರ ಅಡಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಕಡೆ 4 ಅಡಿ ಅಗಲ, 10 ಅಡಿ ಉದ್ದದ ಎಂಟು ಮಡಿಗಳನ್ನು ಎರಡು ಸಾಲಿನಲ್ಲಿ ಮಾಡಿರಿ. ಮಡಿಗಳ ನಡುವೆ ಒಂದೂವರೆ ಅಡಿ, ಎರಡು ಸಾಲುಗಳ ನಡುವೆ ಎರಡು ಅಡಿ ದಾರಿ ಇರಲಿ. ಅಗಲ 4 ಅಡಿಗೆ ಮೀರಬಾರದು. ಮೀರಿದರೆ ಕಳೆ ಕೀಳಲು ಮಡಿಯೊಳಗೆ ಕಾಲಿಡಬೇಕಾಗುತ್ತದೆ. ತುಳಿದ ಮಣ್ಣು ಗಟ್ಟಿಯಾಗುತ್ತದೆ. ನಾಲೆಯ ಕೆಳಗಿನ ಜೌಗು ನೆಲದಲ್ಲಿ ಮಡಿಯನ್ನು ಅರ್ಧ ಅಡಿ ಎತ್ತರಿಸುವುದು ಅತ್ಯವಶ್ಯ. ಪ್ರತಿ ಬೆಳೆಗೂ ಮೊದಲು ಮಡಿಗೆ ಸುಮಾರು 10 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿರಿ.

ಒಂದು ಮತ್ತು ಎರಡನೆಯ ಮಡಿ ಸೊಪ್ಪಿಗೆ ಮೀಸಲು. ಇವನ್ನು ಅರ್ಧರ್ಧ ಮಾಡಿದರೆ ನಾಲ್ಕು ಭಾಗವಾಗುತ್ತದೆ. ಪ್ರತಿ ಅಮಾವಾಸ್ಯೆಗೆ ಒಂದು ಭಾಗ, ಪ್ರತಿ ಹುಣ್ಣಿಮೆಗೆ ಒಂದು ಭಾಗ ಬಿತ್ತಿರಿ. ಆ ದಿನ ಬೇಡವೆಂದರೆ ಮರುದಿನ ಆಗಬಹುದು. ಇದರಲ್ಲಿ ಚಂದ್ರನ ಪ್ರಭಾವವೇನೂ ಇಲ್ಲ; ಹಳ್ಳಿಯಲ್ಲಿ ಯಾರೂ ಮರೆಯದ ದಿನಗಳೆಂದು ಹೇಳುತ್ತಿದ್ದೇನೆ. ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ ಸುಮಾರು ಒಂದು ತಿಂಗಳಲ್ಲಿ ಕೈಗೆ ಬರುತ್ತವೆ. ಎರಡು ತಿಂಗಳಿಗೆ ಸರದಿ ಮತ್ತೆ ಮೊದಲನೆಯ ಭಾಗಕ್ಕೆ ಬರುವಷ್ಟರಲ್ಲಿ ಅದು ಖಾಲಿಯಾಗಿರುತ್ತದೆ. ಹೀಗೆ ಮಾಡಿದರೆ ಸೊಪ್ಪಿಲ್ಲದ ವಾರವೇ ಇರುವುದಿಲ್ಲ.

ಮೂರನೆಯದರಲ್ಲಿ ಟೊಮೇಟೊ, ನಾಲ್ಕನೆಯದರಲ್ಲಿ ಬದನೆ ಮತ್ತು ಮೆಣಸಿನಕಾಯಿ. ಒಂದು ಮಡಿಗೆ ಎರಡು ಸಾಲಿನಲ್ಲಿ ಹನ್ನೆರಡು ಗಿಡ ಸಾಕು. ಟೊಮೇಟೊ ಆರು ಗಿಡ ಈಗ, ಉಳಿದ ಆರು ಗಿಡ ಒಂದು ತಿಂಗಳ ನಂತರ ನಾಟಿ ಮಾಡಿರಿ. ಐದನೆಯದು ಬೆಂಡೆ, ಆರನೆಯದು ಅವರೆ ಅಥವಾ ಹುರುಳಿಕಾಯಿ, ಏಳನೆಯದು ಮೂಲಂಗಿ.

ಎಂಟನೆಯದರಲ್ಲಿ ಬೆಳೆ ಇಡಬೇಡಿ. ಅದು ಸಸಿ ಮಡಿ. ಟೊಮೇಟೊ ಸಸಿಗೆ 25ರಿಂದ 30 ದಿನ, ಮೆಣಸಿನ ಸಸಿಗೆ 40 ದಿನ ಬೇಕು. ಹಳೆಯ ಗಿಡ ಕಿತ್ತ ಮೇಲೆ ಬೀಜ ಹುಡುಕ ಹೊರಟರೆ ಎರಡು ತಿಂಗಳು ಮಡಿ ಬರಿದಾಗುತ್ತದೆ. ಕೈತೋಟ ಹಾಳಾಗುವುದು ಆ ಎರಡು ತಿಂಗಳಲ್ಲೇ. ಕಳೆ ಬೆಳೆಯುತ್ತದೆ, ಮೇಕೆ ನುಗ್ಗುತ್ತದೆ, ಬೇಲಿಯ ಕಡ್ಡಿ ಒಲೆಗೆ ಹೋಗುತ್ತದೆ.

ಟೊಮೇಟೊ, ಬದನೆ, ಮೆಣಸಿನಕಾಯಿ ಒಂದೇ ಕುಲದವು. ಇವನ್ನು ಅದೇ ಮಡಿಯಲ್ಲಿ ಮತ್ತೆ ಮತ್ತೆ ಬೆಳೆದರೆ ಸೊರಗು ರೋಗ ಮಣ್ಣಿನಲ್ಲಿ ನೆಲೆಸುತ್ತದೆ. ಅವುಗಳ ನಂತರ ಅವರೆ, ಅವರೆಯ ನಂತರ ಬೆಂಡೆ ಅಥವಾ ಮೂಲಂಗಿ, ಹೀಗೆ ಸುತ್ತು ಬದಲಿಸಿರಿ. ಬೇಲಿಯ ಮೂಲೆಗಳಲ್ಲಿ ನುಗ್ಗೆ, ಕರಿಬೇವು ಇರಲಿ; ಬೇಲಿಯ ಮೇಲೆ ಬಸಳೆ, ಹೀರೆ ಹಬ್ಬಲಿ.

ನೀರು ಮತ್ತು ಹೊದಿಕೆ

ಎಂಟು ಮಡಿಗಳ ವಿಸ್ತೀರ್ಣ ಸುಮಾರು 30 ಚದರ ಮೀಟರು. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 4ರಿಂದ 5 ಲೀಟರು ಎಂದರೆ 120ರಿಂದ 150 ಲೀಟರು, ಅಂದರೆ 15 ಲೀಟರಿನ ಎಂಟು ಹತ್ತು ಬಿಂದಿಗೆ. ಅಕ್ಕಿ, ತರಕಾರಿ ತೊಳೆದ ನೀರನ್ನು ನೇರವಾಗಿ ಮಡಿಗೆ ಹಾಕಬಹುದು. ಬಚ್ಚಲಿನ ಸೋಪು ನೀರನ್ನು ಮಾತ್ರ ಸೊಪ್ಪಿನ ಮಡಿಗೆ ಬಿಡಬೇಡಿ; ಅದನ್ನು ಬಾಳೆಯ ಬುಡಕ್ಕೆ ಹರಿಸಿರಿ.

ಗದ್ದೆಯಲ್ಲಿ ಸುಡುವ ಕಬ್ಬಿನ ತರಗನ್ನು ತಂದು ಗಿಡಗಳ ಸಾಲಿನ ನಡುವೆ ಮೂರು ಅಂಗುಲ ಹೊದಿಸಿದರೆ ನೀರು ಉಳಿಯುತ್ತದೆ, ಕಳೆ ತಗ್ಗುತ್ತದೆ, ಕಡೆಗೆ ಕೊಳೆತು ಗೊಬ್ಬರವಾಗುತ್ತದೆ. ನಾಲೆ ನಿಂತ ದಿನಗಳಲ್ಲಿ ಈ ಹೊದಿಕೆಯೇ ಕೈತೋಟವನ್ನು ಕಾಯುತ್ತದೆ.

ಔಷಧಿಯ ವಿಚಾರ

ಬತ್ತಕ್ಕೆ ಹೊಡೆದು ಮಿಕ್ಕ ಕೀಟನಾಶಕವನ್ನು ಹಿತ್ತಲಿಗೆ ತರಲೇಬಾರದು. ಇದನ್ನು ಒತ್ತಿ ಹೇಳುತ್ತೇನೆ. ಹಿತ್ತಲಿನ ಕಾಯನ್ನು ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುತ್ತಾರೆ. ಸಿಂಪಡಿಸಿ ಇಷ್ಟು ದಿನವಾಯಿತೆಂದು ಎಣಿಸಿ ಕೀಳುವುದಿಲ್ಲ. ಬದನೆಯ ಬಾಡಿದ ಕುಡಿಯನ್ನು ಚಿವುಟಿ, ಒಳಗಿನ ಹುಳು ಸಮೇತ ಸುಡಿರಿ. ಬೆಂಡೆಯಲ್ಲಿ ಎಲೆಯ ನರ ಹಳದಿಯಾದ ಗಿಡ ಕಂಡೊಡನೆ ಕಿತ್ತುಹಾಕಿರಿ. ಬಿಳಿನೊಣ ಆ ನಂಜನ್ನು ಉಳಿದ ಗಿಡಗಳಿಗೆ ಹರಡುತ್ತದೆ. ಹೇನು ಕಂಡರೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು 1 ಲೀಟರು ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸೋಪು ಬೆರೆಸಿ ಸಂಜೆ ಸಿಂಪಡಿಸಿರಿ. ಹನ್ನೆರಡು ಗಿಡಗಳ ಮಡಿಗೆ ಇಷ್ಟು ಸಾಕು, ಏಕೆಂದರೆ ನೀವು ದಿನವೂ ನೋಡುತ್ತೀರಿ.

ಬೀಜ

ಊರಿನ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತದೆ. ಸೊಗಡಿನ ಕಾಲದಲ್ಲಷ್ಟೇ ಕಾಯಿ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-4 ತಳಿಗೆ ಈ ಕಟ್ಟಿಲ್ಲ. ವರ್ಷದ ಯಾವ ಕಾಲದಲ್ಲಾದರೂ ಬಿತ್ತಬಹುದು. ಬೆಂಡೆಯಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಅನಾಮಿಕ ಇದೆ. ಇವೆರಡರ ಬೀಜವನ್ನೂ ನೀವೇ ಉಳಿಸಿಕೊಳ್ಳಬಹುದು. ಒಳ್ಳೆಯ ಎರಡು ಗಿಡಗಳನ್ನು ಗುರುತಿಸಿ, ಅವುಗಳ ಕಾಯನ್ನು ಗಿಡದಲ್ಲೇ ಒಣಗಲು ಬಿಡಿ. ಹೈಬ್ರಿಡ್ ಬೀಜದ ಬೆಳೆಯಿಂದ ಮಾತ್ರ ಬೀಜ ಇಡಬೇಡಿ. ಮುಂದಿನ ಸಲ ಅದೇ ಗುಣ ಬರುವುದಿಲ್ಲ.

ಬೀಜ ಕಾಯುವುದನ್ನು ಕಿರುಗಾವಲಿನವರಿಗೆ ಹೊರಗಿನಿಂದ ಬಂದ ನಾನು ಹೇಳಿಕೊಡಬೇಕಾಗಿಲ್ಲ. ಟಿಪ್ಪುವಿನ ಕಾಲದಿಂದ ಬಂದುದೆಂದು ಹೇಳುವ ಬಡಾಬಾಗ್ ತೋಪಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು ಉಳಿದಿವೆ. ಅದೇ ತೋಟದ ಸಯ್ಯದ್ ಘನಿ ಖಾನ್ ಅವರು ನೂರಾರು ಬತ್ತದ ತಳಿಗಳನ್ನು ವರ್ಷ ವರ್ಷವೂ ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ಡಬ್ಬಿಯಲ್ಲಿಟ್ಟ ಬೀಜ ಕೆಲವು ವರ್ಷದಲ್ಲಿ ಸಾಯುತ್ತದೆ. ಬಿತ್ತಿದ ಬೀಜ ಉಳಿಯುತ್ತದೆ. ನಿಮ್ಮ ಅಜ್ಜಿಯ ಕಾಲದ ದಂಟು, ಸೋರೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಕಡೆಯದಾಗಿ ಗಂಡಸರಿಗೆ ಒಂದು ಮಾತು. ಕೈತೋಟ ಹೆಂಗಸರ ಕೆಲಸವೆಂದು ದೂರ ನಿಲ್ಲಬೇಡಿ. ಮಡಿ ಅಗೆಯುವುದು, ಬೇಲಿ ಕಟ್ಟುವುದು, ಗೊಬ್ಬರ ಮತ್ತು ತರಗು ಹೊರುವುದು ನಿಮ್ಮ ಪಾಲಿಗಿರಲಿ. ಗದ್ದೆ, ಕೊಟ್ಟಿಗೆ, ಒಲೆ ಮೂರನ್ನೂ ನೋಡಿಕೊಳ್ಳುವ ತಾಯಿಗೆ ನಾಲ್ಕನೆಯ ಹೊರೆಯಾದರೆ ಯಾವ ಕೈತೋಟವೂ ಮೂರು ತಿಂಗಳು ದಾಟದು.

ಮಧ್ಯಾಹ್ನ ಬೀಜ ಹಂಚುವಾಗ ಹತ್ತು ಪೊಟ್ಟಣ ಒಯ್ಯಬೇಡಿ, ಮೂರು ಒಯ್ಯಿರಿ. ಈ ಅಮಾವಾಸ್ಯೆಗೆ ಅರ್ಧ ಮಡಿ ಬಿತ್ತಿರಿ. ಉಳಿದ ಅರ್ಧ ಹುಣ್ಣಿಮೆಗೆ ಇರಲಿ.