ಬಸ್ಸಿನೊಳಗಿನ ಕಚೇರಿ

(ಅಂಬಲಮುಗಳ್‌ನ ಕನ್ನಡ ಕುಟುಂಬಗಳ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ ಒಂದರಂದು ನಾವು ಇಲ್ಲಿ ಕನ್ನಡದ ಬಾವುಟ ಏರಿಸುವಾಗ ನಮ್ಮ ನೆರೆಮನೆಯವರು ಕೇರಳಪ್ಪಿರವಿಯನ್ನು ಆಚರಿಸುತ್ತಾರೆ. 1956ರ ಆ ಒಂದೇ ದಿನ ಎರಡು ರಾಜ್ಯಗಳೂ ಭಾಷೆಯ ಆಧಾರದ ಮೇಲೆ ರೂಪುಗೊಂಡವು. ಇಂಥ ಸಭೆಯಲ್ಲಿ ಪಂಪ, ಬಸವಣ್ಣ, ಕುಮಾರವ್ಯಾಸರನ್ನು ಸ್ಮರಿಸುವುದು ರೂಢಿ. ಅದು ಉಚಿತವೂ ಹೌದು. ಆದರೆ ಈ ಸಲ ನಾವು ಆರಿಸಿಕೊಂಡಿರುವ ವಿಷಯ ಅಷ್ಟು ಎತ್ತರದ್ದಲ್ಲ, ರಸ್ತೆಯ ಮೇಲಿನದು. ಸರ್ಕಾರಿ ಸಾರಿಗೆಯಲ್ಲಿ ದುಡಿಯುವವರ ಬಾಳು, ಅವರ ಕೆಲಸದ ಜಾಗದ ರೀತಿನೀತಿ, ಅದರಲ್ಲಿ ನಮ್ಮ ಪಾಲೆಷ್ಟು ಎಂಬುದರ ಬಗ್ಗೆ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತೇವೆ.

ನಮಗೂ ಈ ವಿಷಯಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಈ ಊರಿನಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆ 1966ರಲ್ಲಿ ಆರಂಭವಾಯಿತು. ಅಂದಿನಿಂದ ದೂರದೂರದ ಜನ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದಿದ್ದಾರೆ. ನಾವೂ ಹಾಗೆಯೇ ಬಂದವರು. ಹಾಗೆ ಬಂದಿಳಿದವರಿಗೆ ಮೊದಲ ಮಲಯಾಳಂ ಪಾಠ ಹೇಳಿದ ಗುರು ಯಾರು? ಶಾಲೆಯ ಮೇಷ್ಟರಲ್ಲ, ಬಸ್ಸಿನ ಕಂಡಕ್ಟರು. ‘ಎವಿಡೆ?’ ಎಂದು ಅವರು ಕೇಳಿದಾಗ ಎಲ್ಲಿಗೆ ಎಂದರ್ಥವೆಂದು ತಿಳಿದೆವು. ‘ಚಿಲ್ಲರ ಉಂಡೋ?’ ಎಂದಾಗ ಅರ್ಥ ಕೇಳಬೇಕಾಗಲೇ ಇಲ್ಲ. ನಮ್ಮ ಚಿಲ್ಲರೆಯೇ ಅವರ ಚಿಲ್ಲರ. ಇಳಿಯಬೇಕಾದ ನಿಲ್ದಾಣ ಬಂದಾಗ ಕೈಸನ್ನೆ ಮಾಡಿ ಇಳಿಸಿದವರೂ ಅವರೇ. ಪರಭಾಷೆಯ ನಾಡಿನಲ್ಲಿ ನಮ್ಮ ಮೊದಲ ಆಪ್ತರ ಪಟ್ಟಿ ಬರೆದರೆ ಕಂಡಕ್ಟರ ಹೆಸರು ಮೇಲೆಯೇ ಇರಬೇಕು.

ಸಾರಿಗೆಯನ್ನು ಸರ್ಕಾರವೇ ನಡೆಸಬೇಕೆಂಬ ವಿಚಾರ ಈ ಎರಡೂ ನಾಡುಗಳಲ್ಲಿ ಸಾಕಷ್ಟು ಹಳೆಯದು. 1938ರ ಫೆಬ್ರವರಿ 20ರಂದು ತಿರುವನಂತಪುರದಲ್ಲಿ ತಿರುವಾಂಕೂರು ರಾಜ್ಯದ ಸಾರಿಗೆ ಇಲಾಖೆಯ ಮೊದಲ ಬಸ್ಸು ಹೊರಟಿತು. ಮಹಾರಾಜ ಶ್ರೀ ಚಿತ್ತಿರ ತಿರುನಾಳ್ ಅವರೂ ಅವರ ಬಂಧುಗಳೂ ಮೊದಲ ಪ್ರಯಾಣಿಕರು. ಲಂಡನ್ನಿನ ಸಾರಿಗೆ ಮಂಡಲಿಯಿಂದ ಬಂದಿದ್ದ ಸಾಲ್ಟರ್ ಎಂಬ ಮೇಲಧಿಕಾರಿ ಸ್ವತಃ ಬಸ್ಸನ್ನು ಓಡಿಸಿದರು. ಮೇಲಧಿಕಾರಿಯೇ ಚಾಲಕನ ಪೀಠದಲ್ಲಿ ಕುಳಿತ ಆ ಚಿತ್ರ ಇಂದಿಗೂ ನೆನೆಯಬೇಕಾದದ್ದು. ಇತ್ತ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಪ್ರಾರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಕೇರಳದ ನಿಗಮ 1965ರಲ್ಲಿ ಹುಟ್ಟಿತು.

ಇನ್ನು ಕೆಲಸದ ಸ್ವರೂಪವನ್ನು ನೋಡೋಣ. ಕಾರ್ಖಾನೆಯಲ್ಲಿ ದುಡಿಯುವವನಿಗೆ ಒಂದು ಕಾಂಪೌಂಡು ಗೋಡೆ ಉಂಟು, ಒಂದು ಗೇಟು ಉಂಟು. ಗೇಟಿನ ಒಳಗಿರುವವರೆಲ್ಲ ಅವನಿಗೆ ಗೊತ್ತಿರುವವರೇ. ಬಸ್ಸಿನ ನೌಕರನಿಗೆ ಆ ಭಾಗ್ಯವಿಲ್ಲ. ಅವನ ಕಚೇರಿಗೆ ನಾಲ್ಕು ಚಕ್ರಗಳ ಮೇಲೆ ಓಡಾಟ. ನಿಲ್ದಾಣ ನಿಲ್ದಾಣಕ್ಕೂ ಅಪರಿಚಿತರು ಒಳಗೆ ನುಗ್ಗುತ್ತಾರೆ. ಕಂಡಕ್ಟರು ನಿಂತ ಕಾಲಿನಲ್ಲಿ ಟಿಕೆಟ್ಟು ಕೊಡಬೇಕು, ಚಿಲ್ಲರೆ ಹೊಂದಿಸಬೇಕು, ಬಾಗಿಲು ನೋಡಬೇಕು, ದಿನದ ಕೊನೆಗೆ ಲೆಕ್ಕ ಒಪ್ಪಿಸಬೇಕು. ಲೆಕ್ಕದಲ್ಲಿ ಕಡಿಮೆ ಬಿದ್ದರೆ ಜೇಬಿನಿಂದ ತುಂಬಬೇಕು. ತನಿಖೆಯವರು ಹತ್ತಿದಾಗ ಟಿಕೆಟ್ಟಿಲ್ಲದ ಪ್ರಯಾಣಿಕ ಸಿಕ್ಕಿದರೆ ದಂಡ ಪ್ರಯಾಣಿಕನಿಗೆ, ಜವಾಬು ಹೇಳುವ ಕಷ್ಟ ಕಂಡಕ್ಟರಿಗೆ. ಚಾಲಕನಿಗೋ ಒಂದು ಕಡೆ ಗಡಿಯಾರ, ಇನ್ನೊಂದು ಕಡೆ ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿಸಿದೆ ಎಂಬ ಲೆಕ್ಕ. ಬೇಗ ಓಡಿಸಿದರೆ ಎಣ್ಣೆ ಹೆಚ್ಚು, ನಿಧಾನವಾದರೆ ಬೈಗುಳ ಹೆಚ್ಚು. ಹೀಗೆ ಅಧಿಕಾರಿ, ಗಡಿಯಾರ, ಪ್ರಯಾಣಿಕ ಎಂಬ ಮೂವರು ಯಜಮಾನರು ಅವರಿಗೆ. ಈ ಮೂವರಲ್ಲಿ ಮೂರನೆಯವರು ನಾವೇ ಎಂಬುದನ್ನು ತಾವು ಗಮನಿಸಬೇಕು.

ದುಡಿಮೆಯ ಹೊತ್ತಿನ ಬಗ್ಗೆ ಕಾಯಿದೆ ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ಐದು ಗಂಟೆ ದುಡಿದವನಿಗೆ ಅರ್ಧ ಗಂಟೆಯಾದರೂ ವಿರಾಮ ಬೇಕೆಂದಿತು. ಆದರೆ ಬಸ್ಸಿನ ಕೆಲಸದಲ್ಲಿ ಕಾಯುವ ಹೊತ್ತೂ ಬಹಳ. ಬೆಳಗಿನ ಜನಸಂದಣಿ ಮುಗಿದು ಸಂಜೆಯ ಸಂದಣಿ ಬರುವ ತನಕ ಮನೆಗೂ ಹೋಗಲಾರದೆ, ಕೆಲಸವೂ ಇಲ್ಲದೆ ಕುಳಿತಿರಬೇಕು. ಆ ಕಾಯುವಿಕೆ ಕೆಲಸವೋ ಅಲ್ಲವೋ? 2022ರಲ್ಲಿ ತಿರುವನಂತಪುರ ಜಿಲ್ಲೆಯ ಪಾರಶ್ಶಾಲ ಡಿಪೋದಲ್ಲಿ ಹನ್ನೆರಡು ಗಂಟೆಗಳ ಅವಧಿಯ ‘ಸಿಂಗಲ್ ಡ್ಯೂಟಿ’ ಪದ್ಧತಿ ಬಂದಾಗ ಎದ್ದ ವಾದದ ತಿರುಳು ಇದೇ. ಜನರಿಗೆ ಬಸ್ಸು ಬೇಕಾದ ಹೊತ್ತಿಗೆ ಸಿಬ್ಬಂದಿ ಇರಬೇಕೆಂದು ಆಡಳಿತದವರ ವಾದ. ಎಂಟು ಗಂಟೆಯ ಹಕ್ಕು ಕರಗಿಹೋಗುತ್ತದೆಂದು ಕಾರ್ಮಿಕರ ವಾದ. ಪಾಳಿಯ ಕೆಲಸದಲ್ಲಿ ಬಾಳು ಸವೆಸಿದ ನಮ್ಮ ಕುಟುಂಬಗಳಿಗೆ ಎರಡೂ ಕಡೆಯ ಮಾತು ಅರ್ಥವಾಗುವಂಥದ್ದೇ.

ಇಷ್ಟರ ನಡುವೆ ಅವರಲ್ಲಿ ಒಂದು ಬಗೆಯ ಸ್ನೇಹ ಬೆಳೆಯುತ್ತದೆ. ಚಾಲಕ ಕಂಡಕ್ಟರರದು ಜೋಡೆತ್ತಿನ ಬಾಳು. ನಮ್ಮೂರಿನಲ್ಲಿ ‘ರೈಟ್ ರೈಟ್’ ಎಂಬ ಕೂಗು, ಇಲ್ಲಿ ಎರಡು ಸಲ ಗಂಟೆ. ಅಷ್ಟರಲ್ಲೇ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುತ್ತದೆ. ಬೆಂಗಳೂರು ಸಾರಿಗೆಯಲ್ಲಿ ಕಂಡಕ್ಟರಾಗಿದ್ದ ಶಿವಾಜಿರಾವ್ ಗಾಯಕವಾಡರು ಮುಂದೆ ರಜನೀಕಾಂತ್ ಎಂದು ಪ್ರಸಿದ್ಧರಾದ ಕಥೆ ಎಲ್ಲರಿಗೂ ಗೊತ್ತು. ಆದರೆ ಅವರನ್ನು ಮದರಾಸಿನ ಚಲನಚಿತ್ರ ಶಾಲೆಗೆ ಸೇರುವಂತೆ ಹುರಿದುಂಬಿಸಿ, ಕೈಯಲ್ಲಿದ್ದುದರಲ್ಲಿ ಹಣದ ನೆರವನ್ನೂ ಕೊಟ್ಟವರು ಅದೇ ಬಸ್ಸಿನ ಚಾಲಕ ರಾಜ್ ಬಹದ್ದೂರ್ ಎಂಬುದನ್ನು ನೆನೆಯುವವರು ಕಡಿಮೆ. ಕೆಲಸದ ಮನೆಯ ಸಂಸ್ಕೃತಿಯೆಂದರೆ ಸುತ್ತೋಲೆಯಲ್ಲಿ ಬರೆದದ್ದು ಮಾತ್ರವಲ್ಲ, ಇಂಥದ್ದೂ ಸೇರಿ ಆದದ್ದು.

ಕೆಲಸ ಮನುಷ್ಯನ ಮೈಯೊಳಗೂ ಇಳಿಯುತ್ತದೆ. ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯರೂ ಅವರ ಜೊತೆಗಾರರೂ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಪರೀಕ್ಷಿಸಿ 1953ರಲ್ಲಿ ಒಂದು ವರದಿ ಪ್ರಕಟಿಸಿದರು. ಕುಳಿತೇ ಇರುವ ಚಾಲಕರಿಗೆ ಹೃದಯದ ಕಾಯಿಲೆ ಹೆಚ್ಚು; ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರರಿಗೆ ಕಡಿಮೆ ಎಂದು ಅವರು ಕಂಡರು. ಒಂದೇ ಬಸ್ಸು, ಒಂದೇ ರಸ್ತೆ. ಕೂರುವ ಜಾಗ ಬೇರೆಯಾದರೆ ಹೃದಯದ ಗತಿಯೂ ಬೇರೆ. ವ್ಯಾಯಾಮ ಆರೋಗ್ಯಕ್ಕೆ ಅಗತ್ಯವೆಂದು ಇಂದು ವೈದ್ಯರು ಹೇಳುವ ಮಾತಿಗೆ ಬಸ್ಸಿನ ನೌಕರರ ಮೈಯೇ ಒಂದು ದೊಡ್ಡ ಸಾಕ್ಷಿಯಾಯಿತು.

ಹೆಂಗಸರು ಈ ಕೆಲಸಕ್ಕೆ ಬಂದ ಮೇಲೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಬಸ್ಸು ತಿರುಗುವ ಕೊನೆಯ ನಿಲ್ದಾಣದಲ್ಲಿ ಒಂದು ಶೌಚಾಲಯವಿಲ್ಲದಿದ್ದರೆ ಗಂಡಸು ಹೇಗೋ ನಿಭಾಯಿಸಿಯಾನು. ಹೆಣ್ಣುಮಗಳು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಡುತ್ತಾಳೆ. ನಮ್ಮ ಪರಿಚಯದ ಒಬ್ಬ ತಾಯಿ, ಊರಿನ ಕಡೆ ಕಂಡಕ್ಟರಾಗಿದ್ದವರು, ಈ ಮಾತನ್ನು ನಗುತ್ತಲೇ ಹೇಳಿದರು. ಕೇಳಿದ ನಮಗೆ ನಗು ಬರಲಿಲ್ಲ.

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು, ರಾಜ್ಯದ ನಿವಾಸಿಗಳಾದ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ದುಡಿಯುವ ಹೆಣ್ಣುಮಕ್ಕಳಿಗೆ ಅದರಿಂದಾದ ಉಪಕಾರ ಸಣ್ಣದಲ್ಲ. ಆದರೆ ಸೊನ್ನೆ ಬೆಲೆಯ ಟಿಕೆಟ್ಟನ್ನೂ ಕಂಡಕ್ಟರು ಕೊಡಲೇಬೇಕು, ಗುರುತಿನ ಚೀಟಿ ನೋಡಲೇಬೇಕು. ನಮ್ಮ ಮನೆಯ ಹೆಂಗಸರು ರಜೆಗೆ ಊರಿಗೆ ಹೋದಾಗ ಅಕ್ಕನಿಗೆ ಸೊನ್ನೆ ಟಿಕೆಟ್ಟು, ಕೇರಳದ ವಿಳಾಸದ ಕಾರ್ಡು ಹಿಡಿದ ತಂಗಿಗೆ ಪೂರ್ತಿ ದರದ ಟಿಕೆಟ್ಟು! ‘ಅಣ್ಣಾ, ನಾನೇನು ಕನ್ನಡದವಳಲ್ಲವೆ?’ ಎಂದು ಕೇಳಬೇಕೆನಿಸುವುದು ಸಹಜವೇ. ಆದರೆ ಆ ನಿಯಮ ಮಾಡಿದವನು ಆ ಅಣ್ಣನಲ್ಲ. ಅದನ್ನು ಮೀರಿದರೆ ಮೆಮೊ ಬರುವುದು ಅವನಿಗೆ. ನಿಯಮ ಮಾಡಿದವರು ದೂರದಲ್ಲಿರುತ್ತಾರೆ, ನಿಯಮ ಪಾಲಿಸುವವನು ಎದುರಿಗಿರುತ್ತಾನೆ. ಆದ್ದರಿಂದ ಬೈಗುಳವೆಲ್ಲ ಅವನ ಪಾಲು. ಬಸ್ಸಿನ ನೌಕರರ ದುಃಖದಲ್ಲಿ ದೊಡ್ಡ ಪಾಲು ಇದೇ ಎಂದು ನಮಗೆ ತೋರುತ್ತದೆ.

ಇನ್ನು ನಮ್ಮ ಕೊಚ್ಚಿಯ ಮೆಟ್ರೋ. 2017ರ ಜೂನ್ 17ರಂದು ಅದು ಪ್ರಾರಂಭವಾಯಿತು. 2024ರಲ್ಲಿ ತೃಪ್ಪೂಣಿತ್ತುರದವರೆಗೆ ಬಂದು ನಮಗೂ ಹತ್ತಿರವಾಯಿತು. ಅದರ ನಿಲ್ದಾಣಗಳ ಕೆಲಸಕ್ಕೆ ಕುಟುಂಬಶ್ರೀಯ ಮೂಲಕ ಹೆಂಗಸರನ್ನೂ, ಅವರ ಜೊತೆ 23 ಮಂದಿ ಲಿಂಗಪರಿವರ್ತಿತರನ್ನೂ ಆರಿಸಿಕೊಂಡರು. ದೇಶವೇ ಮೆಚ್ಚಿದ ಕೆಲಸವದು. ಆದರೆ ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು. ಮುಖ್ಯ ಕಾರಣ, ನಗರದಲ್ಲಿ ಅವರಿಗೆ ಬಾಡಿಗೆಗೆ ಮನೆ ಕೊಡುವವರಿರಲಿಲ್ಲ. ವಸತಿಗೃಹದ ದಿನಬಾಡಿಗೆ ಕೊಟ್ಟು ಸಂಬಳದಲ್ಲಿ ಬಾಳುವುದು ಸಾಧ್ಯವಾಗಲಿಲ್ಲ. ನಿಲ್ದಾಣದ ಒಳಗೆ ಗೌರವ, ಹೊರಗೆ ಮುಚ್ಚಿದ ಬಾಗಿಲು. ಪರಸ್ಥಳದಲ್ಲಿ ಬಾಡಿಗೆ ಮನೆಗಾಗಿ ಬೀದಿ ಬೀದಿ ಅಲೆದ ನಮಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಂಸ್ಥೆ ಎಷ್ಟೇ ಒಳ್ಳೆಯ ಮನಸ್ಸು ಮಾಡಿದರೂ ಊರು ಕೈಜೋಡಿಸದಿದ್ದರೆ ಅದು ಅರ್ಧದಲ್ಲೇ ನಿಲ್ಲುತ್ತದೆ.

ಸಂಬಳದ ಮಾತನ್ನೂ ಆಡದೆ ಬಿಡಲಾಗದು. ಕರ್ನಾಟಕದ ನಾಲ್ಕೂ ಸಾರಿಗೆ ನಿಗಮಗಳ ನೌಕರರು ಆರನೆಯ ವೇತನ ಆಯೋಗದಂತೆ ಸಂಬಳ ಬೇಕೆಂದು 2021ರ ಏಪ್ರಿಲ್ 7ರಂದು ಮುಷ್ಕರ ಹೂಡಿದರು; ಅದು ಎರಡು ವಾರ ನಡೆಯಿತು. ಹಲವರಿಗೆ ವರ್ಗವಾಯಿತು, ಹಲವರು ಕೆಲಸ ಕಳೆದುಕೊಂಡರು. ಕೇರಳದಲ್ಲಿ 2022, 2023ರಲ್ಲಿ ತಿಂಗಳ ಸಂಬಳವೇ ತಡವಾಗಿ, ಕಂತುಗಳಲ್ಲಿ ಬಂದ ಕಾಲವಿತ್ತು. ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಮುಷ್ಕರದ ದಿನ ನಿಲ್ದಾಣದಲ್ಲಿ ಮಗುವನ್ನೆತ್ತಿಕೊಂಡು ನಿಂತವರ ಕಷ್ಟ ದೊಡ್ಡದೇ. ಆದರೂ ಅಂಥ ಹೊತ್ತಿನಲ್ಲಿ ನಾವು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಒಂದನೆಯ ತಾರೀಖಿಗೆ ಸಂಬಳ ಬಾರದ ಮನೆಯಿಂದ ಎದ್ದುಬಂದು, ಐವತ್ತು ಜನರ ಪ್ರಾಣವನ್ನು ಕೈಯಲ್ಲಿ ಹಿಡಿದು, ನಗುಮುಖದಿಂದ ಬಸ್ಸು ಓಡಿಸುವುದು ಎಷ್ಟು ಮಂದಿಗೆ ಸಾಧ್ಯ?

ಎರಡೂ ರಾಜ್ಯಗಳ ನಿಗಮಗಳಿಗೆ ಇಂಗ್ಲಿಷಿನಲ್ಲಿ ಹೆಸರಿನ ಮೊದಲಕ್ಷರಗಳು ಒಂದೇ: ಕೆಎಸ್‌ಆರ್‌ಟಿಸಿ. ಆ ಅಕ್ಷರಗಳು ಯಾರವು ಎಂಬ ವ್ಯಾಜ್ಯವೂ ನಡೆಯಿತು. 2021ರಲ್ಲಿ ಅವು ಕೇರಳಕ್ಕೆ ಸೇರಿದವೆಂಬ ಸುದ್ದಿ ಬಂತು. 2023ರ ಡಿಸೆಂಬರ್‌ನಲ್ಲಿ ಮದರಾಸು ಉಚ್ಚ ನ್ಯಾಯಾಲಯ ಕೇರಳದ ಅರ್ಜಿಯನ್ನು ವಜಾ ಮಾಡಿತು. ನ್ಯಾಯಾಲಯದಲ್ಲಿ ಹೀಗಿದ್ದರೆ ಕಾಸರಗೋಡು–ಮಂಗಳೂರು ರಸ್ತೆಯಲ್ಲಿ ಎರಡೂ ನಿಗಮಗಳ ಬಸ್ಸುಗಳು ಒಂದರ ಹಿಂದೊಂದು ಓಡುತ್ತಲೇ ಇದ್ದವು. ಅಲ್ಲಿ ಕನ್ನಡ, ತುಳು, ಮಲಯಾಳಂ ಮೂರೂ ಕೇಳುತ್ತವೆ. ಹತ್ತಿದವರ ಬಾಯಲ್ಲಿ ಬಂದ ಭಾಷೆಗೆ ತಕ್ಕ ಉತ್ತರ ಕೊಡುವುದು ಅಲ್ಲಿಯ ಕಂಡಕ್ಟರರಿಗೆ ಅಭ್ಯಾಸ. ಗಡಿನಾಡಿನ ಸೌಹಾರ್ದ ಉಳಿದಿರುವುದರಲ್ಲಿ ಇಂಥವರ ಪಾಲು ದೊಡ್ಡದು.

ಹಾಗಾದರೆ ನಾವು ಮಾಡಬೇಕಾದದ್ದೇನು? ಬಹಳ ದೊಡ್ಡದೇನಲ್ಲ. ಮನೆಯಿಂದ ಹೊರಡುವಾಗ ಚಿಲ್ಲರೆ ಇಟ್ಟುಕೊಳ್ಳೋಣ. ಕಂಡಕ್ಟರನ್ನು ‘ಏಯ್’ ಎನ್ನದೆ ‘ಚೇಟ್ಟಾ’, ‘ಚೇಚಿ’ ಎಂದು ಕರೆಯೋಣ. ಊರಿಗೆ ಹೋದಾಗ ‘ಅಣ್ಣಾ’, ‘ಅಕ್ಕಾ’ ಎನ್ನೋಣ. ಜಗಳವೆದ್ದಾಗ ತಪ್ಪು ನಿಯಮದ್ದೋ ಮನುಷ್ಯನದೋ ಎಂದು ಒಂದು ಗಳಿಗೆ ಯೋಚಿಸೋಣ. ನಿಯಮದ್ದಾದರೆ ಅದನ್ನು ಮಾಡಿದವರಿಗೆ ಕಾಗದ ಬರೆಯೋಣ. ತಪ್ಪು ಕಂಡಾಗ ದೂರು ಬರೆಯುವ ನಾವು ಒಳ್ಳೆಯದು ಕಂಡಾಗಲೂ ಬಸ್ಸಿನ ನಂಬರು, ಹೊತ್ತು, ದಾರಿ ನಮೂದಿಸಿ ಡಿಪೋಗೆ ಎರಡು ಸಾಲು ಬರೆಯೋಣ. ಮೆಮೊಗಳನ್ನೇ ಕಂಡ ಕೈಗೆ ಒಂದು ಮೆಚ್ಚುಗೆಯ ಕಾಗದ ಸಿಕ್ಕಿದರೆ ಅದರ ಬೆಲೆ ಎಷ್ಟೆಂದು ಸಂಬಳದ ಚೀಟಿಯಲ್ಲಿ ಕಾಣದು. ಕೊನೆಯ ನಿಲ್ದಾಣದಲ್ಲಿ ಸಿಬ್ಬಂದಿಗೆ ಶೌಚಾಲಯ, ಕುಡಿಯುವ ನೀರು ಇದೆಯೆ ಎಂದು ವಾರ್ಡಿನ ಸದಸ್ಯರನ್ನು ಕೇಳುವುದಕ್ಕೂ ನಮಗೆ ಹಕ್ಕುಂಟು. ಇಲ್ಲಿ ಮತದಾರರಾದವರಿಗಂತೂ ಅದು ಕರ್ತವ್ಯವೇ ಸರಿ.

ನಾಡು ಬಿಟ್ಟು ಬಂದ ನಮ್ಮನ್ನು ನಾಡಿಗೂ, ಈ ಹೊಸ ನೆಲಕ್ಕೂ ಬೆಸೆದವರು ರಸ್ತೆಯ ಮೇಲೆ ದುಡಿಯುವ ಈ ಜನ. ಭಾಷೆಯ ಹಬ್ಬದ ದಿನ ಅವರಿಗೆ ಒಂದು ಒಳ್ಳೆಯ ಮಾತು ಸಲ್ಲಲಿ, ಕನ್ನಡದಲ್ಲಾಗಲಿ, ಮಲಯಾಳದಲ್ಲಾಗಲಿ.

ಜೈ ಕರ್ನಾಟಕ!