ಸಾಲದ ಮನೆ, ಸಾಕೆಂಬ ಮನಸ್ಸು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಆಶೀರ್ವಚನ)



ಮನುಷ್ಯನಾದವನಿಗೆ ತಲೆಯ ಮೇಲೊಂದು ಸೂರು ಬೇಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹಿಂದೆ ಮನೆ ಕಟ್ಟುವವನು ಕಲ್ಲು, ಮರ, ಹೆಂಚು ಕೂಡಿಸಿಕೊಳ್ಳುತ್ತ ಹತ್ತು ವರ್ಷ ಕಾಯುತ್ತಿದ್ದ. ಈಗ ಬ್ಯಾಂಕು ಸಾಲ ಕೊಡುತ್ತದೆ, ವರ್ಷದೊಳಗೆ ಮನೆ ಎದ್ದು ನಿಲ್ಲುತ್ತದೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಬಾಡಿಗೆಗೆ ಹೋಗುವ ಹಣ ಕಂತಿಗೆ ಹೋಗಿ ಸ್ವಂತ ಮನೆಯಾಗುವುದಾದರೆ ಸಂಸಾರಸ್ಥರಿಗೆ ಅದು ಒಳ್ಳೆಯದೇ. ಆದರೆ ಕಂತು ಕಟ್ಟುವವರು ಅದರ ಲೆಕ್ಕವನ್ನು ಅರಿತಿರಬೇಕು. ಲೆಕ್ಕದ ಜೊತೆಗೆ ಇನ್ನೊಂದನ್ನೂ ಅರಿತಿರಬೇಕು. ಅದೇ ಈ ದಿನದ ವಿಷಯ.

ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರು ಪತ್ನಿಯೊಡನೆ ಮಠಕ್ಕೆ ಬಂದರು. ಶಾಲೆಯೊಂದರಲ್ಲಿ ಗುಮಾಸ್ತರು. "ಬುದ್ಧೀ, ನಾಲ್ಕು ವರ್ಷದಿಂದ ಒಂದು ತಿಂಗಳೂ ತಪ್ಪಿಸದೆ ಕಂತು ಕಟ್ಟಿದ್ದೇನೆ. ಸಾಲ ಕರಗುತ್ತಲೇ ಇಲ್ಲ" ಎಂದು ಬ್ಯಾಂಕಿನ ಕಾಗದ ಮುಂದಿಟ್ಟರು. ಅವರ ಲೆಕ್ಕವನ್ನು ನಿಮಗೆಲ್ಲ ತಿಳಿಯಲೆಂದು ದುಂಡು ಅಂಕಿಯಲ್ಲಿ ಹೇಳುತ್ತೇವೆ.

ಹತ್ತು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ 9 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 9,000 ರೂಪಾಯಿ. ಮೊದಲ ಕಂತಿನಲ್ಲಿ 7,500 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಲ್ಲುವುದು ಸುಮಾರು 1,500 ಮಾತ್ರ. ನಾಲ್ಕು ವರ್ಷಕ್ಕೆ ನೀವು 4 ಲಕ್ಷ 32 ಸಾವಿರದಷ್ಟು ಕಟ್ಟಿರುತ್ತೀರಿ, ಅಸಲು ಇಳಿದಿರುವುದು ಸುಮಾರು 86 ಸಾವಿರ. ಇದರಲ್ಲಿ ಮೋಸವೇನೂ ಇಲ್ಲ. ಅಸಲು ದೊಡ್ಡದಿರುವಾಗ ಬಡ್ಡಿಯೂ ದೊಡ್ಡದು, ಅಷ್ಟೆ. ಆದ್ದರಿಂದಲೇ ಮೊದಲ ವರ್ಷಗಳಲ್ಲಿ ಅಸಲಿಗೆ ಸೇರಿಸಿದ ಒಂದು ರೂಪಾಯಿಗೆ ಬೆಲೆ ಹೆಚ್ಚು. ಅಲ್ಲಿಂದ ಮುಂದೆ ತಿಂಗಳಿಗೆ 2,000 ರೂಪಾಯಿ ಹೆಚ್ಚಿಗೆ ಕಟ್ಟುತ್ತ ಹೋದರೆ, ಬಡ್ಡಿಯ ದರ ಹಾಗೆಯೇ ಇದ್ದ ಪಕ್ಷದಲ್ಲಿ, ಉಳಿದ 16 ವರ್ಷದ ಸಾಲ 11 ವರ್ಷಕ್ಕೆ ತೀರುತ್ತದೆ. 2 ಲಕ್ಷ 90 ಸಾವಿರದಷ್ಟು ಬಡ್ಡಿ ಉಳಿಯುತ್ತದೆ.

ಈ ಲೆಕ್ಕ ಕೇಳಿ ಆ ದಂಪತಿಗಳ ಮುಖ ಅರಳಿತು. ಎರಡು ಸಾವಿರ ಎಲ್ಲಿಂದ ತರುವುದು? ಆ ತಾಯಿಯೇ ಹೇಳಿದರು. ಹೋಟೆಲಿನ ಊಟ ಬಿಟ್ಟರೆ ಇಷ್ಟು, ಚೀಟಿ ಬರೆದುಕೊಂಡು ಸಂತೆಗೆ ಹೋದರೆ ಇಷ್ಟು, ಕಾಳು ರಾತ್ರಿಯೇ ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸಿದರೆ ಸಿಲಿಂಡರು ಇಷ್ಟು ದಿನ ಹೆಚ್ಚಿಗೆ ಬರುತ್ತದೆ, ಹಿತ್ತಲಲ್ಲಿ ಸೊಪ್ಪು, ಕರಿಬೇವು ಹಾಕಿದರೆ ಅದೂ ಉಳಿತಾಯವೇ. ಈಗ ಮೊಬೈಲಿನಲ್ಲಿ ಹಣ ಕೊಡುತ್ತೇವೆ, ಕೈಯಿಂದ ನೋಟು ಹೋದ ನೋವು ತಿಳಿಯುವುದಿಲ್ಲ, ಆದ್ದರಿಂದ ದಿನದ ಖರ್ಚನ್ನು ಪುಸ್ತಕದಲ್ಲಿ ಬರೆಯುತ್ತೇನೆ ಎಂದರು. ನಮಗೆ ಬಹಳ ಸಂತೋಷವಾಯಿತು. ಆಶೀರ್ವದಿಸಿ ಕಳುಹಿಸಿದೆವು.

ಒಂದು ವರ್ಷ ಕಳೆದು ಅವರು ಮತ್ತೆ ಬಂದರು. ಆಗ ಇಬ್ಬರ ಮುಖವೂ ಬಾಡಿತ್ತು. ನಡೆದದ್ದು ಇಷ್ಟು. ಎರಡು ಸಾವಿರ ಕಟ್ಟುತ್ತಿದ್ದವರಿಗೆ ಸಾಲ ಇಳಿಯುವುದನ್ನು ಕಂಡು ಆಸೆ ಹುಟ್ಟಿತು. ನಾಲ್ಕು ಸಾವಿರ ಮಾಡಿದರು, ಐದು ಮಾಡಿದರು. ಕೈಯಲ್ಲಿ ಒಂದು ಕಾಸೂ ಇಟ್ಟುಕೊಳ್ಳದೆ ಎಲ್ಲವನ್ನೂ ಸಾಲಕ್ಕೆ ಸುರಿದರು. ಅಷ್ಟರಲ್ಲಿ ವಯಸ್ಸಾದ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಗೆ ಕಟ್ಟಲು ಹಣವಿಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಕೈಸಾಲ ತಂದರು. ವರ್ಷಕ್ಕೆ ಅದು ಶೇಕಡಾ 36 ಆಯಿತು. ಒಂಬತ್ತರ ಸಾಲವನ್ನು ಬೇಗ ತೀರಿಸಹೋಗಿ ಮೂವತ್ತಾರರ ಸಾಲವನ್ನು ತಲೆಯ ಮೇಲೆ ಹೊತ್ತರು!

ಆ ತಾಯಿ ಕಣ್ಣೀರು ತೆಗೆದು ಹೇಳಿದರು: "ಬುದ್ಧೀ, ಮಗುವಿನ ಹಾಲಿಗೂ ಇವರು ಲೆಕ್ಕ ಕೇಳುತ್ತಾರೆ. ಅತ್ತೆಯವರು ಮಾತ್ರೆ ಮುಗಿದರೂ ಬಾಯಿ ಬಿಡುತ್ತಿರಲಿಲ್ಲ. ನೆಂಟರು ಬಂದರೆ ನನಗೇ ಭಯವಾಗುತ್ತಿತ್ತು. ಮನೆ ನಮ್ಮದಾಗುತ್ತಾ ಬಂತು, ಮನೆಯೊಳಗೆ ಮಾತು ನಿಂತುಹೋಯಿತು."

ಬಂಧುಗಳೆ, ಆ ಮಾತು ನಮ್ಮನ್ನೂ ಚುಚ್ಚಿತು. ಲೆಕ್ಕ ಹೇಳಿಕೊಟ್ಟವರು ನಾವೇ. ಅದರ ಜೊತೆಗೆ ಹೇಳಬೇಕಾದ ಮಾತನ್ನು ಹೇಳದೆ ಕಳುಹಿಸಿದ್ದೆವು. ಆ ಮಾತನ್ನು ಅಂದು ಅವರಿಗೆ ಹೇಳಿದೆವು, ಇಂದು ನಿಮಗೂ ಹೇಳುತ್ತೇವೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿಗಳಿದ್ದರು. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟೇಕೆ, ನಮಗೆ ಎಂದಿನಷ್ಟು ಸಾಕು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದಳು. ಇದನ್ನು ನಾವು ಆಸೆ ಬೇಡವೆಂಬ ಪಾಠವಾಗಿ ಕೇಳಿದ್ದೇವೆ. ಆದರೆ ಇನ್ನೊಂದನ್ನು ಗಮನಿಸಿರಿ. ಲಕ್ಕಮ್ಮ ಎಂದಿನ ಅಕ್ಕಿಯನ್ನು ಬೇಡವೆನ್ನಲಿಲ್ಲ. ಆ ಅಕ್ಕಿಯಲ್ಲಿಯೇ ಜಂಗಮ ದಾಸೋಹ ನಡೆಯಬೇಕು, ಮನೆಯೂ ನಡೆಯಬೇಕು. ಬೇಕಾದುದನ್ನು ಇಟ್ಟುಕೊಂಡಳು, ಮಿಕ್ಕುದನ್ನು ಬಿಟ್ಟಳು. ಎರಡರ ನಡುವಿನ ಗೆರೆ ಆಕೆಗೆ ಗೊತ್ತಿತ್ತು.

ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಭೇದ ಇದೇ. ಮಿತವ್ಯಯಿ ಮಿಕ್ಕುದನ್ನು ಬಿಡುತ್ತಾನೆ, ಜಿಪುಣ ಬೇಕಾದುದನ್ನೇ ಬಿಡುತ್ತಾನೆ. ಹೋಟೆಲಿನ ಊಟ ಮಿಕ್ಕುದು, ಮಗುವಿನ ಹಾಲು ಬೇಕಾದುದು. ಹಬ್ಬಕ್ಕೆ ನಾಲ್ಕು ಸೀರೆ ಮಿಕ್ಕುದು, ತಾಯಿಯ ಮಾತ್ರೆ ಬೇಕಾದುದು. ಸಾಲ ಮಾಡಿ ಆಡಂಬರದ ಮದುವೆ ಮಿಕ್ಕುದು, ಮನೆಗೆ ಬಂದವರಿಗೆ ಒಂದು ಲೋಟ ಮಜ್ಜಿಗೆ ಬೇಕಾದುದು. ಈ ಗೆರೆಯನ್ನು ಮನೆಯಲ್ಲಿ ಒಬ್ಬರೇ ಎಳೆಯಬಾರದು. ಗಂಡ, ಹೆಂಡತಿ, ಹಿರಿಯರು ಕೂಡಿ ಕುಳಿತು ಎಳೆಯಬೇಕು. ಬಲ್ಲಷ್ಟು ವಯಸ್ಸಾದ ಮಕ್ಕಳನ್ನೂ ಕೂರಿಸಿಕೊಳ್ಳಿರಿ. ಮಾರಯ್ಯನಿಗೆ ಕಾಣದ್ದು ಲಕ್ಕಮ್ಮನಿಗೆ ಕಂಡಿತು ಎಂಬುದನ್ನು ಮರೆಯಬೇಡಿ.

ಇನ್ನು ಸಾಲ ತೀರಿಸುವ ಕ್ರಮ. ಆರು ತಿಂಗಳ ಮನೆಖರ್ಚಿನಷ್ಟಾದರೂ ಹಣವನ್ನು ಬೇಕಾದಾಗ ಸಿಗುವಂತೆ ಬೇರೆಯಿಡಿ. ಕೈಸಾಲ, ಒಡವೆ ಸಾಲ, ಕ್ರೆಡಿಟ್ ಕಾರ್ಡಿನ ಬಾಕಿಗಳಲ್ಲಿ ಯಾವುದರ ಬಡ್ಡಿ ಹೆಚ್ಚೋ ಅದನ್ನು ಮೊದಲು ತೀರಿಸಿ. ಆಮೇಲೆ ಉಳಿದುದನ್ನು ಮನೆಯ ಸಾಲದ ಅಸಲಿಗೆ ಹಾಕಿ. ಹಾಕುವಾಗ, ಕಂತು ಇಳಿಸುವುದು ಬೇಡ, ಅವಧಿ ಇಳಿಸಿ ಎಂದು ಬ್ಯಾಂಕಿನಲ್ಲಿ ಬರೆದುಕೊಡಿ. ಬದಲಾಗುವ ಬಡ್ಡಿದರದ ಮನೆಸಾಲವನ್ನು ಅವಧಿಗೆ ಮುಂಚೆ ತೀರಿಸುವ ವ್ಯಕ್ತಿಗಳಿಂದ ಬ್ಯಾಂಕುಗಳು ದಂಡ ವಸೂಲು ಮಾಡಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಆದೇಶಿಸಿದೆ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕೆಂದು 2023ರಲ್ಲಿ ಆದೇಶಿಸಿದೆ. ಪತ್ರಗಳನ್ನು ಕೇಳಿ ಪಡೆಯಿರಿ, ಋಣಭಾರ ಪತ್ರದಲ್ಲಿ ಆ ಸಾಲ ತೀರಿದ್ದು ನಮೂದಾಗಿದೆಯೇ ಎಂದೂ ನೋಡಿರಿ.

ಆ ದಂಪತಿಗಳು ಮೊದಲು ಕೈಸಾಲ ತೀರಿಸಿದರು. ಒಂದಿಷ್ಟು ಹಣ ಬೇರೆಯಿಟ್ಟರು. ಮತ್ತೆ ಎರಡು ಸಾವಿರಕ್ಕೆ ಬಂದು ನಿಂತಿದ್ದಾರೆ. ಮನೆಯ ಸಾಲ ಇನ್ನೂ ಇದೆ. ಕಳೆದ ಶ್ರಾವಣದಲ್ಲಿ ಆ ವೃದ್ಧ ತಾಯಿ ಕೋಲೂರಿಕೊಂಡು ಮಠಕ್ಕೆ ಬಂದಿದ್ದರು. ದಾಸೋಹಕ್ಕೆಂದು ಒಂದು ಸೇರು ಅಕ್ಕಿ ತಂದಿದ್ದರು. "ಸೊಸೆ ಅಳೆದು ಕೊಟ್ಟಿದ್ದಾಳೆ ಬುದ್ಧೀ, ಮನೆಗೆ ಸಾಕಾಗುವಷ್ಟು ಇದೆ" ಎಂದರು. ಸಾಲವಿರುವ ಮನೆಯಿಂದ ಬಂದ ಆ ಅಕ್ಕಿಯನ್ನು ನಾವು ಬಹಳ ಸಂತೋಷದಿಂದ ಸ್ವೀಕರಿಸಿದೆವು.

ನಿಮ್ಮೆಲ್ಲರ ಮನೆಗಳೂ ಬೇಗ ಋಣಮುಕ್ತವಾಗಲಿ. ಅಲ್ಲಿಯವರೆಗೆ ಮನೆಯೊಳಗೆ ಮಾತು, ನಗು, ದಾಸೋಹ ನಿಲ್ಲದಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.