ಖಾನಖಾಹದ ಬಾಳು
(ಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಸೂಫಿ ಸಂತರ ಸಂಘಜೀವನವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಶ್ರೀಗಳವರಿಂದ ಅಪ್ಪಣೆಯಾದಾಗ ನಾನು ಹಿಂಜರಿದೆನು. ಅರಬ್ಬಿ ಪಾರಸಿಗಳಲ್ಲಿ ನನಗೆ ಪರಿಶ್ರಮವಿಲ್ಲ. ಓದಿದ್ದೆಲ್ಲವೂ ಅನ್ಯರ ಭಾಷಾಂತರಗಳಿಂದ. ಅದನ್ನು ಬಿನ್ನವಿಸಿಕೊಂಡಾಗ ಶ್ರೀಗಳವರು ನಕ್ಕು, "ಹನ್ನೆರಡು ವರ್ಷ ಮಠದ ಅಡಿಗೆಮನೆಯ ಲೆಕ್ಕ ಬರೆದಿದ್ದೀರಿ. ಹಸಿದವರು ಬರುವ ಮನೆಯನ್ನು ನಡೆಯಿಸುವ ಕಷ್ಟ ನಿಮಗೆ ಗೊತ್ತು. ಆ ಕಣ್ಣಿನಿಂದಲೇ ನೋಡಿ ಹೇಳಿರಿ" ಎಂದರು. ಆದುದರಿಂದ ತತ್ತ್ವವಿಚಾರವನ್ನು ಪಂಡಿತರಿಗೆ ಬಿಟ್ಟು ನಾನು ಅಡಿಗೆಮನೆಯ ಬಾಗಿಲಿನಿಂದಲೇ ಒಳಗೆ ಹೋಗುತ್ತೇನೆ.

ಗುರುವು ಶಿಷ್ಯರೊಡನೆ ವಾಸಿಸುವ, ಜಪಧ್ಯಾನಗಳು ನಡೆಯುವ, ಬಂದವರಿಗೆ ಅನ್ನವಿಕ್ಕುವ ಮನೆಗೆ ಖಾನಖಾಹವೆಂದು ಹೆಸರು. ಗುರುವನ್ನು ಪೀರನೆಂದೂ ಶಿಷ್ಯನನ್ನು ಮುರೀದನೆಂದೂ ದಾಸೋಹವನ್ನು ಲಂಗರವೆಂದೂ ಕರೆಯುವರು. ನಮ್ಮ ದೇಶದಲ್ಲಿ ಬೇರೂರಿದ ಸೂಫಿ ಪಂಥಗಳಲ್ಲಿ ಚಿಶ್ತಿಯರದು ಬಹು ಪ್ರಸಿದ್ಧವಾದದ್ದು. ಅವರ ಆದಿಕಾಲದ ಮನೆಗಳಲ್ಲಿ ಆಡಂಬರವಿರಲಿಲ್ಲ; ಒಂದು ದೊಡ್ಡ ಪಡಸಾಲೆ, ಅಲ್ಲಿಯೇ ಪ್ರಾರ್ಥನೆ, ಅಲ್ಲಿಯೇ ಓದು, ರಾತ್ರಿ ಅಲ್ಲಿಯೇ ನೆಲದ ಮೇಲೆ ನಿದ್ರೆ.

ಇಂದು ಪಾಕಿಸ್ತಾನದ ಪಂಜಾಬಿಗೆ ಸೇರಿರುವ ಪಾಕಪಟ್ಟಣಕ್ಕೆ ಹಿಂದೆ ಅಜೋಧನವೆಂದು ಹೆಸರಿತ್ತು. ಅಲ್ಲಿ 1265ರಲ್ಲಿ ದೇಹಬಿಟ್ಟ ಬಾಬಾ ಫರೀದರ ಮನೆಯಲ್ಲಿ ಎಷ್ಟೋ ದಿನ ಒಲೆ ಉರಿಯುತ್ತಿರಲಿಲ್ಲ. ಶಿಷ್ಯರೊಳಗೆ ಒಬ್ಬನು ಅಡವಿಯಿಂದ ಕಟ್ಟಿಗೆ ತರುವನು, ಒಬ್ಬನು ಮುಳ್ಳುಗಿಡದ ಕಾಯಿಗಳನ್ನು ಕಿತ್ತು ತರುವನು, ಒಬ್ಬನು ನೀರು ಹೊತ್ತು ಪಾತ್ರೆ ಬೆಳಗುವನು. ಆ ಕಾಯಿಗಳನ್ನು ಬೇಯಿಸುವ ಕೆಲಸವು ದಿಲ್ಲಿಯಿಂದ ಬಂದ ತರುಣ ವಿದ್ವಾಂಸರಾದ ನಿಜಾಮುದ್ದೀನರದು. ಒಂದು ದಿನ ಉಪ್ಪಿರಲಿಲ್ಲ. ಅವರು ಅಂಗಡಿಯಿಂದ ಉಪ್ಪನ್ನು ಕಡ ತಂದು ಹಾಕಿದರು. ಗುರುಗಳು ತುತ್ತಿಗೆ ಕೈಯಿಟ್ಟವರೇ ಕೈ ಭಾರವಾಗುತ್ತಿದೆಯೆಂದು ನಿಲ್ಲಿಸಿ, ಉಪ್ಪು ಎಲ್ಲಿಂದ ಬಂತೆಂದು ಕೇಳಿದರು. ಸಂಗತಿ ತಿಳಿದ ಮೇಲೆ, ನಾಲಗೆಯ ರುಚಿಗಾಗಿ ಸಾಲ ಮಾಡುವದಕ್ಕಿಂತ ದರವೇಶಿಯು ಉಪವಾಸ ಸಾಯುವದು ಲೇಸೆಂದು ಹೇಳಿ ಬಟ್ಟಲನ್ನು ಮುಂದಿನಿಂದ ತೆಗೆಯಿಸಿದರಂತೆ. ಕಿರಾಣಿ ಅಂಗಡಿಯ ಬಾಕಿಯನ್ನು ತಿಂಗಳು ತಿಂಗಳಿಗೆ ಮುಂದೂಡಿದ ನನ್ನಂಥವನಿಗೆ ಈ ಕಥೆಯು ಬಹಳ ಕಠಿಣವಾಗಿ ತೋರಿತು, ಈಗಲೂ ತೋರುವದು.

ಆ ನಿಜಾಮುದ್ದೀನರೇ ಮುಂದೆ ದಿಲ್ಲಿಯ ಹತ್ತಿರ ಯಮುನೆಯ ದಂಡೆಯ ಗಿಯಾಸಪುರದಲ್ಲಿ ನೆಲಸಿ 1325ರವರೆಗೆ ಬಾಳಿದರು. ಅಲ್ಲಿಯ ಅಡಿಗೆಯ ವಿಸ್ತಾರವು ಅಜೋಧನದವರು ಕನಸಿನಲ್ಲಿಯೂ ಕಾಣದಂಥದು. ಸಾವಿರಾರು ಜನ ಉಣ್ಣುತ್ತಿದ್ದರು. ಆದರೆ ನಿಯಮವು ಹಳೆಯದೇ: ಯಾರನ್ನೂ ಬೇಡತಕ್ಕದ್ದಲ್ಲ, ಬೇಡದೆ ಬಂದದ್ದನ್ನು ಕೂಡಿಟ್ಟುಕೊಳ್ಳತಕ್ಕದ್ದೂ ಅಲ್ಲ. ಇಂಥ ಅಯಾಚಿತ ಕಾಣಿಕೆಗೆ ಫುತೂಹ ಎನ್ನುವರು. ಪ್ರತಿ ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಗೆ ಹೊರಡುವ ಮೊದಲು ಉಗ್ರಾಣವನ್ನು ಬರಿದುಮಾಡಿ, ಗುಡಿಸಿ, ಆಮೇಲೆ ಹೊರಡುವ ಪದ್ಧತಿಯಿತ್ತು. ಗುರುಗಳು ಮಾತ್ರ ನಿತ್ಯ ಉಪವಾಸಿಗಳು. ಬೆಳಗಿನ ಜಾವ ಶಿಷ್ಯನು ತಂದಿಟ್ಟ ಅನ್ನವು ಹಾಗೆಯೇ ಉಳಿಯುತ್ತಿತ್ತು. ಹಸಿದು ಮಸೀದಿಗಳ ಮೂಲೆಗಳಲ್ಲಿಯೂ ಅಂಗಡಿಗಳ ಕಟ್ಟೆಗಳ ಮೇಲೆಯೂ ಎಷ್ಟು ಬಡವರು ಮಲಗಿರುವರೋ, ಈ ತುತ್ತು ಗಂಟಲಲ್ಲಿ ಇಳಿಯುವದು ಹೇಗೆಂದು ಅವರು ಅಳುತ್ತಿದ್ದರೆಂದು ಆ ಮನೆಯಲ್ಲಿಯೇ ಬೆಳೆದ ಅಮೀರ ಖುರ್ದನು ಬರೆದಿರುವನು.

ಜಲಾಲುದ್ದೀನ ಖಿಲ್ಜಿಯು ಖಾನಖಾಹದ ವೆಚ್ಚಕ್ಕಾಗಿ ಕೆಲವು ಗ್ರಾಮಗಳನ್ನು ಕೊಡಲು ಮುಂದೆ ಬಂದನು. ಆಗ ಇನ್ನೂ ಬಡತನದ ದಿನಗಳು. ಹಸಿವಿನಿಂದ ಕಂಗೆಟ್ಟ ಕೆಲವು ಶಿಷ್ಯರು, ತಮಗೆ ನೀರು ಕುಡಿದು ಇರುವ ಶಕ್ತಿ ಇಲ್ಲ, ಗ್ರಾಮಗಳನ್ನು ತೆಗೆದುಕೊಳ್ಳಬೇಕೆಂದು ಗೋಗರೆದರು. ಗುರುಗಳು ಅವರಿಗೆ ಉತ್ತರ ಕೊಡದೆ ತಮ್ಮ ಹಳೆಯ ಸಂಗಡಿಗರನ್ನು ಕರೆದು ಕೇಳಿದರು. ಅವರು, ಈಗ ನಿಮ್ಮ ಮನೆಯಲ್ಲಿ ಸಿಕ್ಕಾಗ ರೊಟ್ಟಿ ತಿನ್ನುತ್ತೇವೆ, ಗ್ರಾಮ ಬಂದ ಮೇಲೆ ಈ ಮನೆಯ ನೀರನ್ನೂ ಮುಟ್ಟುವದಿಲ್ಲವೆಂದು ಹೇಳಿದರು. ಗುರುಗಳಿಗೆ ಸಂತೋಷವಾಯಿತು. ಗ್ರಾಮಗಳು ಹಿಂದಕ್ಕೆ ಹೋದವು.

ಇದನ್ನು ಹೇಳಿದ ಬಾಯಿಂದಲೇ ನನ್ನದೊಂದು ಸಂಗತಿಯನ್ನೂ ಹೇಳಬೇಕಾಗಿದೆ. ಮಳೆ ಹೋದ ಒಂದು ವರ್ಷ ನಮ್ಮ ಹಗೇವಿನಲ್ಲಿ ಜೋಳ ತಳಕಂಡಿತ್ತು. ಶ್ರೀಗಳವರು ಸಂಚಾರದಲ್ಲಿದ್ದರು. ಒಬ್ಬ ಸಿರಿವಂತರು ಐವತ್ತು ಚೀಲ ಜೋಳ ಕಳಿಸುವೆನೆಂದರು. ಆದರೆ ತಮಗೂ ಒಬ್ಬ ಒಕ್ಕಲಿಗನಿಗೂ ಹೊಲದ ವ್ಯಾಜ್ಯವಿದೆ, ಅವನು ಪಂಕ್ತಿಯಲ್ಲಿ ಕುಳಿತಿರುವದು ತಮ್ಮ ಕಣ್ಣಿಗೆ ಬೀಳಕೂಡದೆಂದರು. ಇನ್ನೂರು ಎಲೆಯ ಚಿಂತೆ ನನ್ನ ತಲೆಯ ಮೇಲಿತ್ತು. ನಾನು ಒಪ್ಪಿಕೊಂಡೆನು. ಆ ಒಕ್ಕಲಿಗನಿಗೆ, ನಾಲ್ಕು ದಿನ ಮನೆಯಲ್ಲಿಯೇ ಊಟ ಮಾಡಪ್ಪಾ ಎಂದು ಮೆತ್ತಗೆ ಹೇಳಿದೆನು. ಶ್ರೀಗಳವರು ತಿರುಗಿ ಬಂದ ದಿನ ಚೀಲಗಳನ್ನು ನೋಡಿದರು, ಏನೂ ಕೇಳಲಿಲ್ಲ. ಪಂಕ್ತಿಯನ್ನು ನೋಡಿ, "ಅವನೆಲ್ಲಿ?" ಎಂದು ಮಾತ್ರ ಕೇಳಿದರು. ಮರುದಿನ ತಾವೇ ಅವನ ಮನೆಗೆ ದಯಮಾಡಿಸಿದರು. ಅವನು ಪಾದಪೂಜೆ ಮಾಡಿದನು, ಹಾಲು ಕೊಟ್ಟನು. ಆದರೆ ಮಠದ ಪಂಕ್ತಿಗೆ ಇಂದಿನವರೆಗೂ ಬಂದಿಲ್ಲ.

ಅದಿರಲಿ. ಇನ್ನು ಯಾತ್ರಿಕರ ವಿಷಯ. ಖಾನಖಾಹಗಳಲ್ಲಿ ಎರಡು ಬಗೆಯ ಜನ: ನೆಲೆನಿಂತವರು, ದಾರಿಯಲ್ಲಿರುವವರು. ಬಗದಾದಿನ ಶಿಹಾಬುದ್ದೀನ ಸುಹ್ರವರ್ದಿಯವರು (ಮರಣ 1234) ತಮ್ಮ ಅವಾರಿಫುಲ್ ಮಆರಿಫ್ ಎಂಬ ಗ್ರಂಥದಲ್ಲಿ ಇವರಿಬ್ಬರ ಧರ್ಮವನ್ನೂ ಬಿಡಿಬಿಡಿಸಿ ಹೇಳಿರುವರು. ಬಂದವನು ಕೈಕಾಲು ತೊಳೆದು ಎರಡು ರಕಾತು ಪ್ರಾರ್ಥನೆ ಮಾಡಿ ಆಮೇಲೆ ಹಿರಿಯರನ್ನು ಕಾಣತಕ್ಕದ್ದು. ಮೂರು ದಿನ ಅವನು ಅತಿಥಿ. ಅದಕ್ಕೂ ಮೇಲೆ ಇರಬೇಕೆಂದರೆ ತಾನಾಗಿಯೇ ಕೆಲಸವನ್ನು ಕೇಳಿಕೊಳ್ಳಬೇಕು. ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದವರಲ್ಲಿ ನಮ್ಮ ಕಲಬುರ್ಗಿಯ ಬಂದೇನವಾಜರೂ ಒಬ್ಬರು.

ಗುರುದರ್ಶನಕ್ಕಾಗಿ ನಡೆಯುವದೇ ಅವರಿಗೆ ಮುಖ್ಯವಾದ ಯಾತ್ರೆ. ನಿಜಾಮುದ್ದೀನರು ಗುರುಗಳ ಜೀವಿತಕಾಲದಲ್ಲಿ ಮೂರು ಸಲ ಅಜೋಧನಕ್ಕೆ ಹೋದರು. ಗುರುಗಳ ಕೊನೆಯ ಗಳಿಗೆಯಲ್ಲಿ ಮಾತ್ರ ಅವರು ದಿಲ್ಲಿಯಲ್ಲಿದ್ದರು. ಫರೀದರು ಅವರನ್ನು ನೆನೆದು, ತಮ್ಮ ಗುರುಗಳು ತೀರಿದಾಗ ತಾವೂ ಹತ್ತಿರ ಇರಲಿಲ್ಲವೆಂದು ಹೇಳಿ, ಶಿಷ್ಯನಿಗೆ ಮುಟ್ಟಿಸತಕ್ಕ ವಸ್ತುಗಳನ್ನು ಬೇರೆಯವರ ಕೈಯಲ್ಲಿ ಇಟ್ಟುಹೋದರು.

ಸಾಧನೆಯ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ದೇವರ ಹೆಸರನ್ನು ಗಟ್ಟಿಯಾಗಿ ಇಲ್ಲವೆ ಮನಸ್ಸಿನಲ್ಲಿಯೇ ನೆನೆಯುವದು ಜಿಕ್ರ; ಉಸಿರಿನೊಡನೆ ಅದನ್ನು ಬೆರೆಸಿ ಒಂದು ಶ್ವಾಸವೂ ಮರೆವಿನಲ್ಲಿ ಹೋಗದಂತೆ ಕಾಯುವದು ಪಾಸೆ ಅನ್ಫಾಸ; ನಾಲ್ವತ್ತು ದಿನದ ಏಕಾಂತವಾಸವು ಚಿಲ್ಲಾ; ಹಾಡನ್ನು ಕೇಳುತ್ತ ಮೈಮರೆಯುವದು ಸಮಾ. ಈ ಕೊನೆಯದನ್ನು ಕುರಿತು ಶಾಸ್ತ್ರಿಗಳಿಗೂ ಚಿಶ್ತಿಯರಿಗೂ ದೊಡ್ಡ ವಾದಗಳು ನಡೆದಿವೆ.

ನಿಜಾಮುದ್ದೀನರ ಬಳಿಕ ದಿಲ್ಲಿಯಲ್ಲಿ ಗುರುಪೀಠದಲ್ಲಿದ್ದವರು ನಸೀರುದ್ದೀನ ಚಿರಾಗ ದೆಹಲಿಯವರು. ತುರಾಬನೆಂಬ ಕಲಂದರನು ಅವರ ಕೋಣೆಯಲ್ಲಿ ನುಗ್ಗಿ ಚೂರಿಯಿಂದ ತಿವಿದಾಗ, ಅವನನ್ನು ಯಾರೂ ಮುಟ್ಟಕೂಡದೆಂದು ಶಿಷ್ಯರಿಂದ ಮಾತು ತೆಗೆದುಕೊಂಡು ಹಣ ಕೊಟ್ಟು ಕಳಿಸಿದ ಮಹಾತ್ಮರು ಅವರು. 1356ರಲ್ಲಿ ಅವರು ತೀರಿಕೊಂಡಾಗ ಗುರುಪರಂಪರೆಯ ಅಂಗಿ, ಕೋಲು, ಜಪಮಾಲೆಗಳೆಲ್ಲ ಅವರ ಇಚ್ಛೆಯಂತೆಯೇ ಅವರೊಡನೆ ಮಣ್ಣುಗೂಡಿದವು. ಶಿಷ್ಯರಾದ ಸೈಯದ ಮುಹಮ್ಮದ ಗೇಸೂದರಾಜರು ಗುರುಗಳ ದೇಹವನ್ನು ತೊಳೆದು, ಆ ಮಂಚದ ಹಗ್ಗಗಳನ್ನು ಬಿಚ್ಚಿ ತಮ್ಮ ಕೊರಳಿಗೆ ಹಾಕಿಕೊಂಡು, ತಮಗೆ ಇದೇ ದೀಕ್ಷಾವಸ್ತ್ರವೆಂದರಂತೆ. ಇವರೇ ನಾವು ಬಂದೇನವಾಜರೆಂದು ಕರೆಯುವವರು.

ಇವರು 1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿದರು. ಬಾಲ್ಯದ ಕೆಲವು ವರ್ಷಗಳು ದೌಲತಾಬಾದಿನಲ್ಲಿ ಕಳೆದವು. ತಂದೆಯವರ ಸಮಾಧಿಯು ಅಲ್ಲಿಯ ಖುಲ್ದಾಬಾದದಲ್ಲಿದೆ. 1398ರಲ್ಲಿ ತೈಮೂರನ ದಂಡು ದಿಲ್ಲಿಯ ಮೇಲೆ ಬರುತ್ತಿರಲು, ಎಪ್ಪತ್ತೇಳು ವರ್ಷದ ಈ ವೃದ್ಧರು ಮನೆಮಂದಿಯನ್ನೂ ಶಿಷ್ಯರನ್ನೂ ಕರೆದುಕೊಂಡು ಹೊರಬಿದ್ದರು. ಗ್ವಾಲಿಯರ, ಚಂದೇರಿ, ಗುಜರಾತದ ಊರುಗಳು, ಅಲ್ಲಿಂದ ದೌಲತಾಬಾದಿನಲ್ಲಿ ತಂದೆಯ ಸಮಾಧಿ, ಕಡೆಗೆ ಸುಮಾರು 1400ರಲ್ಲಿ ಬಹಮನಿ ಸುಲ್ತಾನ ಫಿರೋಜಶಾಹನ ರಾಜಧಾನಿಯಾದ ಕಲಬುರ್ಗಿ. ನಾಶದಿಂದ ತಪ್ಪಿಸಿಕೊಂಡ ಒಂದು ಖಾನಖಾಹವೇ ನಡೆದು ಬಂದಂತಾಯಿತು.

ಆರಂಭದಲ್ಲಿ ಕೋಟೆಯ ಹತ್ತಿರವೇ ಬಿಡಾರ. ಜನರು ಮುಗಿಬಿದ್ದರು. ಫಿರೋಜಶಾಹನು ಸ್ವತಃ ವಿದ್ವಾಂಸ. ಅವನ ಆದರವು ಬರಬರುತ್ತ ತಣ್ಣಗಾಯಿತು. ಅವನ ತಮ್ಮನಾದ ಅಹಮದನು ಮಾತ್ರ ಪರಮಭಕ್ತ. ಸುಲ್ತಾನನು ತನ್ನ ಮಗ ಹಸನಖಾನನನ್ನು ಉತ್ತರಾಧಿಕಾರಿಯೆಂದು ಆಶೀರ್ವದಿಸಬೇಕೆಂದು ಕೇಳಿಸಿದಾಗ, ಸಿಂಹಾಸನವು ಅಹಮದನಿಗೆ ಸಲ್ಲತಕ್ಕದ್ದಾಗಿದೆಯೆಂದು ಸಂತರು ಉತ್ತರವಿತ್ತರೆಂದು ಇತಿಹಾಸಕಾರ ಫರಿಶ್ತನು ಬರೆಯುವನು. ಅರಮನೆಯ ಹತ್ತಿರ ಜನಸಂದಣಿ ಸಲ್ಲದೆಂಬ ನೆವದಿಂದ ಖಾನಖಾಹವು ದೂರ ಹೋಗಬೇಕಾಯಿತು. ಈಗ ದರ್ಗಾ ಇರುವ ಸ್ಥಳವು ಅದೇ. 1422ರಲ್ಲಿ ಅಹಮದನು ಸುಲ್ತಾನನಾದನು, ಫಿರೋಜನು ತೀರಿದನು, ಕೆಲವು ವಾರಗಳಲ್ಲಿಯೇ ಸಂತರೂ ದೇಹಬಿಟ್ಟರು. ಅಹಮದಶಾಹನು ಆ ಮನೆತನಕ್ಕೆ ಗ್ರಾಮಗಳನ್ನು ದತ್ತಿಯಾಗಿ ಕೊಟ್ಟನು, ಅವು ಸ್ವೀಕೃತವಾದವು.

ಗಿಯಾಸಪುರದಲ್ಲಿ ಹಿಂದಿರುಗಿದ ಗ್ರಾಮಗಳು ಕಲಬುರ್ಗಿಯಲ್ಲಿ ಬಂದು ನಿಂತವೆಂದು ಕೆಲವರು ಮೂಗು ಮುರಿಯುವರು. ನಾನು ಹಾಗೆ ಮಾಡಲಾರೆ. ಪರದೇಶದಂಥ ನೆಲ, ಬೆಂಬತ್ತಿ ಬಂದ ಸಂಸಾರಗಳು, ದಿನಕ್ಕೆ ದಿನಕ್ಕೆ ಬೆಳೆಯುವ ಪಂಕ್ತಿ. ಲೆಕ್ಕ ಬರೆದವನು ಇದನ್ನು ಅರಿಯಬಲ್ಲನು. ಆದರೂ ಒಂದು ಮಾತನ್ನು ಬಿಡುವಂತಿಲ್ಲ. ಅರಮನೆಯ ಜಗಳದಲ್ಲಿ ಖಾನಖಾಹದ ಹೆಸರು ಸಿಕ್ಕಿಕೊಂಡಿತು. ಅದೇ ಅಹಮದಶಾಹನು ರಾಜಧಾನಿಯನ್ನು ಬೀದರಿಗೆ ಒಯ್ದು, ಇರಾನದ ಕಿರಮಾನದಲ್ಲಿದ್ದ ಶಾಹ ನಿಅಮತುಲ್ಲಾರ ವಂಶದವರನ್ನು ಕರೆಯಿಸಿ ಅವರಿಗೆ ಅಗ್ರಮರ್ಯಾದೆಯನ್ನು ಕೊಟ್ಟನು. ರಾಜನ ಭಕ್ತಿಯು ರಾಜಧಾನಿಯೊಡನೆ ನಡೆಯಿತು. ಜನರ ಭಕ್ತಿಯು ಕಲಬುರ್ಗಿಯಲ್ಲಿಯೇ ಉಳಿಯಿತು.

ಆ ಭಕ್ತಿಯನ್ನು ಉಳಿಸಿದವರಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. ನಮ್ಮ ಬೀಸುವ ಪದಗಳಂತೆ ದಖನಿ ಮಾತಿನಲ್ಲಿ ಚಕ್ಕಿನಾಮಾ ಎಂಬ ಹಾಡುಗಳಿವೆ. ವಿಜಾಪುರದ ಶಾಹಪುರ ಗುಡ್ಡದ ಚಿಶ್ತಿ ಸಂತರ ಪರಂಪರೆಯಲ್ಲಿ ಇವು ವಿಶೇಷವಾಗಿ ಬೆಳೆದವು. ಬೀಸುವ ಕಲ್ಲಿನ ಗೂಟವನ್ನು ದೇವನಾಮದ ಮೊದಲ ಅಕ್ಷರಕ್ಕೆ ಹೋಲಿಸಿ, ಕಲ್ಲಿನ ಸುತ್ತಿನೊಡನೆ ಜಿಕ್ರವನ್ನು ಹೊಂದಿಸಿರುವರು. ಖಾನಖಾಹದ ಪಡಸಾಲೆಗೆ ಬರಲಾರದ ತಾಯಿಯು ಬೆಳಗಿನ ಜಾವ ಹಿಟ್ಟು ಬೀಸುತ್ತಲೇ ದೀಕ್ಷಿತಳಾದಳು.

ಸಂತನು ತೀರಿದ ದಿನಕ್ಕೆ ಉರುಸು, ಅಂದರೆ ಮದುವೆ, ಎಂಬ ಹೆಸರು. ಬಂದೇನವಾಜರ ಉರುಸು ಜಿಲ್ಕಾದ ತಿಂಗಳಿನ 15ರಿಂದ 17ರವರೆಗೆ. ಚಾಂದ್ರಮಾನವಾದ್ದರಿಂದ ವರ್ಷ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುವದು. ಗಂಧದ ಮೆರವಣಿಗೆಯೂ ದೀಪೋತ್ಸವವೂ ನಡೆಯುವವು.

ಬೀದರಿನ ಹತ್ತಿರ ಅಷ್ಟೂರಿನಲ್ಲಿ ಅಹಮದಶಾಹನ ಸಮಾಧಿಯಿದೆ. ಅವನು 1436ರಲ್ಲಿ ತೀರಿದನು. ಜನರು ಅವನನ್ನು ವಲಿ, ಎಂದರೆ ಸಂತನೆಂದು ಕರೆದರು. ನಮ್ಮವರಲ್ಲಿ ಅನೇಕರು ಅಲ್ಲಮಪ್ರಭುವೆಂದೇ ನಂಬಿರುವರು. ಅವನ ಉರುಸು ಮಾತ್ರ ನಮ್ಮ ಪಂಚಾಂಗದಂತೆ, ಶಿವರಾತ್ರಿಯಾದ ಮೇಲೆ, ಹೋಳಿಯ ಸುಮಾರಿಗೆ ಬರುವದು. ಕಲಬುರ್ಗಿ ಜಿಲ್ಲೆಯ ಮಾಡಿಯಾಳದಿಂದ ಒಬ್ಬ ಜಂಗಮರು ಪರಿವಾರದೊಡನೆ ಊರಿಂದೂರಿಗೆ ಕಾಲ್ನಡೆಯಿಂದ ಬಂದು ಆ ಉತ್ಸವವನ್ನು ನಡೆಯಿಸಿಕೊಡುವರು. ಅವರು ಬಾರದೆ ಉರುಸು ಆಗುವದಿಲ್ಲ.

ಒಂದು ವರ್ಷ ನಾನೂ ಹೋಗಿದ್ದೆನು. ಬಿಸಿಲು ಏರಿತ್ತು. ಜಂಗಮರು ಧೂಳುಗಾಲಿನಿಂದ ಬಂದರು. ಶಂಖವನ್ನು ಊದಿದರು, ಕಾಯಿ ಒಡೆದರು, ಸುಲ್ತಾನನ ಗೋರಿಯ ಮೇಲೆ ಹೂ ಏರಿಸಿದರು. ಗುಮ್ಮಟದೊಳಗಿನ ಬಣ್ಣದ ಬರಹಗಳ ಕೆಳಗೆ ಫಾತಿಹಾ ಓದುವವರೂ ಹರಹರ ಎನ್ನುವವರೂ ಒತ್ತಿ ನಿಂತಿದ್ದರು. ಹೊರಗೆ ಮರದ ನೆರಳಿನಲ್ಲಿ ಊಟಕ್ಕೆ ಕುಳಿತಾಗ ನನ್ನ ಪಕ್ಕದ ವೃದ್ಧನು, ಯಾವ ಊರೆಂದು ಕೇಳಿ, ನಾನು ಹೇಳುವ ಮೊದಲೇ ತನ್ನ ಎಲೆಯಿಂದ ಅರ್ಧ ರೊಟ್ಟಿಯನ್ನು ಮುರಿದು ನನ್ನ ಎಲೆಗೆ ಹಾಕಿದನು. ಹಿಂದೆ ಸಾಲಿನಲ್ಲಿ ಇನ್ನೂ ಜನ ನಿಂತಿದ್ದರು. ನಾವು ಸ್ವಲ್ಪ ಸ್ವಲ್ಪ ಸರಿದು ಕುಳಿತೆವು.